ಕಡ್ಡಿ ಬಿಗಿಯುವ ಕೈ

ಕಿರ್ಲೋಸ್ಕರ್ ಎಂದರೆ ಹರಿಹರ ಸೀಮೆಯವರಿಗೆ ನೆನಪಾಗುವುದು ಲೇತು. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತು ಮಾಡಿಕೊಟ್ಟು ಕೊನೆಗೆ ಬಾಗಿಲು ಹಾಕಿತು. ಆದರೆ ಆ ಮನೆತನದ ಉದ್ಯಮದ ಬೇರು ಸೈಕಲ್ಲಿನಲ್ಲಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ ಅಂಗಡಿ. ಕಬ್ಬಿಣದ ನೇಗಿಲು, ಕಿರ್ಲೋಸ್ಕರವಾಡಿ ಎಲ್ಲ ಆಮೇಲಿನ ಮಾತು. ವಿಮಾನ ಹಾರಿಸಿದ ರೈಟ್ ಸಹೋದರರೂ ಸೈಕಲ್ ಅಂಗಡಿಯವರೇ. 1896ರಿಂದ ಅವರು ತಮ್ಮ ಕೈಯಾರೆ ಸೈಕಲ್ ಕಟ್ಟಿ ಮಾರಿದರು.

ಇಟಲಿ, ಇಂಗ್ಲೆಂಡ್, ಜಪಾನುಗಳಲ್ಲಿ ಇಂದಿಗೂ ಅಂಥ ಕಸುಬುದಾರರಿದ್ದಾರೆ. ದರ್ಜಿ ಅಂಗಿಗೆ ಅಳತೆ ತೆಗೆದಂತೆ ಸವಾರನ ಕಾಲು, ತೋಳು ಅಳೆದು, ಕೊಳವೆ ಕತ್ತರಿಸಿ, ಹಿತ್ತಾಳೆ ಬೆಸುಗೆ ಹಾಕುತ್ತಾರೆ. ಮುಗಿದ ಮೇಲೆ ತಮ್ಮ ಹೆಸರು ಬರೆಯುತ್ತಾರೆ.

ಕಡರನಾಯಕನಹಳ್ಳಿಯಂಥ ಊರಿನ ರೈತನಿಗೆ ಅಷ್ಟು ದುಡ್ಡೆಲ್ಲಿಂದ ಬರಬೇಕು? ಅಟ್ಲಾಸೋ ಹೀರೋವೋ, ಎಲ್ಲರಿಗೂ ಒಂದೇ ಅಚ್ಚಿನ ಗಾಡಿ. ಅದು ಒಬ್ಬನ ಗಾಡಿಯಾಗುತ್ತಿದ್ದುದು ಸೈಕಲ್ ಶಾಪಿನಲ್ಲಿ. ಹಾಲಿನವನಿಗೆ ಕ್ಯಾನು ತೂಗುಹಾಕಲು ದಪ್ಪ ಕ್ಯಾರಿಯರ್, ಮಗುವಿಗೆ ಬಾರಿನ ಮೇಲೊಂದು ಸೀಟು, ಕಾಲಿಲ್ಲದವನಿಗೆ ಕೈಯಲ್ಲಿ ಪೆಡಲು ತಿರುಗಿಸುವ ಮೂರು ಚಕ್ರದ ಗಾಡಿ. ಅಳತೆಗೆ ಗೇಣು, ಮೊಳ.

ನಿಜವಾದ ಕಲೆ ಚಕ್ರದಲ್ಲಿದೆ. ಮುಂದಿನದಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಬಲಗಡೆಯ ಕಡ್ಡಿ ಬಿಗಿದರೆ ರಿಮ್ಮು ಬಲಕ್ಕೆ ವಾಲುತ್ತದೆ, ಎಡಗಡೆಯದು ಬಿಗಿದರೆ ಎಡಕ್ಕೆ. ಒಂದೇ ಕಡೆ ಎರಡೂ ಅತಿಯಾದರೆ ದುಂಡು ಕೆಟ್ಟು ಮೊಟ್ಟೆಯಾಗುತ್ತದೆ. ಮಿಸ್ತ್ರಿ ಚಕ್ರ ತಿರುಗಿಸಿ, ರಿಮ್ಮಿನ ಪಕ್ಕ ಹೆಬ್ಬೆರಳು ಹಿಡಿದು, ಎಲ್ಲಿ ತಾಗಿತೆಂದು ನೋಡುತ್ತಾನೆ. ನಿಪ್ಪಲ್ಲು ಕಾಲು ಸುತ್ತು ತಿರುಗಿಸುತ್ತಾನೆ. ಕಡ್ಡಿಯನ್ನು ಬೆರಳಿನಿಂದ ಮೀಟಿ, ಸ್ವರ ಕೇಳಿ, ಸಡಿಲಾದುದನ್ನು ಹುಡುಕುತ್ತಾನೆ. ಕಿವಿಗೆ ಬರುವ ಈ ವಿದ್ಯೆಯನ್ನು ಬಾಯಿಮಾತಿನಲ್ಲಿ ಹೇಳಿಕೊಡಲಾಗದು. ಶಾಗಿರ್ದನಾಗಿ ಉಸ್ತಾದನ ಪಕ್ಕ ಕುಳಿತು, ಬೈಸಿಕೊಂಡು ಕಲಿಯಬೇಕು. ಶಾಲೆ ಬಿಟ್ಟ ಎಷ್ಟೋ ಮುಸ್ಲಿಂ ಹುಡುಗರಿಗೆ ಇದೇ ಐಟಿಐ ಆಗಿತ್ತು.

ಉರ್ದುವಿನಲ್ಲಿ ಇಂಥ ಕೈಗಾರಿಕೆಗೆ ಹುನರ್ ಎನ್ನುತ್ತಾರೆ. ಕನ್ನಡಕ್ಕೆ ಬಂದು ಆ ಪದ ಹುನ್ನಾರವಾಯಿತು, ಸಂಚು ಎಂಬ ಅರ್ಥ ಪಡೆಯಿತು! ಪದಕ್ಕಾದ ಗತಿಯೇ ಕಸುಬಿಗೂ ಆಗಿದೆ. ದಾವಣಗೆರೆಯ ಚರಿತ್ರೆ ಹೇಳುವವರು ಹತ್ತಿ ಗಿರಣಿಗಳನ್ನು ಎಣಿಸುತ್ತಾರೆ, ಹರಿಹರದ ಲೇತನ್ನು ಕೊಂಡಾಡುತ್ತಾರೆ. ಗಿರಣಿ ಕಾರ್ಮಿಕನನ್ನು ಪಾಳಿಯ ಹೊತ್ತಿಗೆ ಮುಟ್ಟಿಸಿದ ಚಕ್ರವನ್ನು ನೆಟ್ಟಗೆ ಮಾಡಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವನೂ ಗಾಡಿಯ ಮೇಲೆ ಬರೆಯಲಿಲ್ಲ. ಕಾರ್ಖಾನೆಯ ಬಿಲ್ಲೆ ಇದ್ದಲ್ಲೇ ಇತ್ತು.

ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಅದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಮ್ಮ ಸೈಕಲ್ ಶಾಪುಗಳು ಒಂದೊಂದಾಗಿ ಮೊಬೈಲ್ ಅಂಗಡಿಗಳಾದದ್ದು ಯಾವ ಪತ್ರಿಕೆಗೂ ಸುದ್ದಿಯಾಗಲಿಲ್ಲ.