ಭೇರುಂಡ ಗಳೆಯಿಂದ ಸೋಗಾನೆಯ ರನ್‌ವೇವರೆಗೆ: ಖಾಸಗಿ ಜೆಟ್‌ಗಳ ಅಳತೆಯ ಚರಿತ್ರೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಗಂಡಭೇರುಂಡದ ಕಂಬವೊಂದಿದೆ. ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ ಅದನ್ನು ನಿಲ್ಲಿಸಿದ್ದು 1047ರಲ್ಲಿ (ಶ್ರವಣಬೆಳಗೊಳದ ಚಾವುಂಡರಾಯ ಬೇರೆ). ಈ ಸೀಮೆಯ ಶಾಸನಗಳನ್ನು ಸಂಪಾದಿಸಿದ ಬಿ. ಎಲ್. ರೈಸ್ ಅವರ ಅಭಿಪ್ರಾಯದಲ್ಲಿ ಆ ಕಂಬದ ಉದ್ದವೇ ದತ್ತಿಭೂಮಿ ಅಳೆಯುವ ಗಳೆಯೂ ಆಗಿತ್ತು. ಹಾರುವ ಹಕ್ಕಿಯ ಬುಡದಲ್ಲೇ ನೆಲದ ಅಳತೆ! ಖಾಸಗಿ ಜೆಟ್‌ಗಳ ಚರಿತ್ರೆ ಓದುವಾಗ ನನಗೆ ಈ ಕಂಬ ಮತ್ತೆ ಮತ್ತೆ ನೆನಪಾಗುತ್ತದೆ. ಎಷ್ಟು ದೂರ ಹಾರಬಹುದೆಂಬ ಪ್ರಶ್ನೆಗೆ ಅರ್ಧ ಉತ್ತರ ನೆಲದ ಮೇಲೇ ಸಿಗುವುದರಿಂದ.

ಆ ಕಂಬವಿರುವ ಶಿಕಾರಿಪುರ ಸೀಮೆಗೆ ಹತ್ತಿರದ ರನ್‌ವೇ ಶಿವಮೊಗ್ಗದ ಸೋಗಾನೆಯದು. ಶಿಕಾರಿಪುರದ ಶಾಸಕರಾಗಿದ್ದ ಬಿ. ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾದ 2008ರಲ್ಲೇ ಶಂಕುಸ್ಥಾಪನೆ ಆಯಿತು. ಮೊದಲು ನಂಬಿದ ಖಾಸಗಿ ಪಾಲುದಾರಿಕೆ ಕೈಗೂಡದೆ ಕೆಲಸ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. ಚಿಕ್ಕ ಎಟಿಆರ್ ವಿಮಾನಕ್ಕೆಂದು ಹಾಕಿದ್ದ ನಕ್ಷೆ ಆಮೇಲೆ ಏರ್‌ಬಸ್ 320ಕ್ಕೆ ಹಿಗ್ಗಿತು. ಸುಮಾರು 450 ಕೋಟಿ ರೂಪಾಯಿ ವೆಚ್ಚದಲ್ಲಿ ಸಿದ್ಧವಾದ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡಿತು. ಅದೇ ದಿನ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲುಮಾರ್ಗಕ್ಕೂ ಅಡಿಗಲ್ಲು ಬಿತ್ತು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು, ಬಂದದ್ದು ಎಟಿಆರೇ. ಮೂರು ಕಿಲೋಮೀಟರ್ ಮೀರಿದ ರನ್‌ವೇಯಲ್ಲಿ ಅದಕ್ಕೆ ಅರ್ಧ ಸಾಕು.

ಹಾಗಾದರೆ ಇಷ್ಟುದ್ದ ಏಕೆ? ಬರಿಯ ಪ್ರತಿಷ್ಠೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಆ ಎತ್ತರಕ್ಕೆ ವಿಮಾನಶಾಸ್ತ್ರದ ಮಾದರಿ ಉಷ್ಣಾಂಶ 11 ಡಿಗ್ರಿಯ ಆಸುಪಾಸು. ಏಪ್ರಿಲ್ ಮಧ್ಯಾಹ್ನ ಪಾದರಸ 35 ಮುಟ್ಟಿತೆನ್ನಿ. ಕಾದ ಗಾಳಿ ತೆಳುವಾಗಿ, ರೆಕ್ಕೆ ಮತ್ತು ಎಂಜಿನ್‌ಗಳಿಗೆ ಅದು 1,400 ಮೀಟರ್ ಎತ್ತರದ ಗಾಳಿಯಂತೆಯೇ. ಕೊಡಚಾದ್ರಿಯ ನೆತ್ತಿ 1,343 ಮೀಟರ್. ಎಂದರೆ ಬಿರುಬಿಸಿಲಿನ ಹೊತ್ತು ಸೋಗಾನೆಯಿಂದ ಏಳುವ ಪೈಲಟ್ ಕೊಡಚಾದ್ರಿಗಿಂತ ಮೇಲೊಂದು ಬಯಲಿನಲ್ಲಿ ಓಡುತ್ತಿದ್ದಾನೆ. ರೆಕ್ಕೆಗೆ ಹಿಡಿತ ಸಿಗಲು ಹೆಚ್ಚು ವೇಗ ಬೇಕು, ಆ ವೇಗಕ್ಕೆ ಹೆಚ್ಚು ನೆಲ ಬೇಕು. ಅದರ ಮೇಲೆ ಇನ್ನೊಂದು ಷರತ್ತು: ಓಟದ ನಡುವೆ ಒಂದು ಎಂಜಿನ್ ಕೆಟ್ಟರೆ, ನಿರ್ಣಯದ ವೇಗಕ್ಕೆ ಮುಂಚೆ ಬ್ರೇಕ್ ಹಾಕಿ ರನ್‌ವೇ ಒಳಗೇ ನಿಲ್ಲಬೇಕು, ಆ ವೇಗ ದಾಟಿದ್ದರೆ ಉಳಿದ ಎಂಜಿನ್‌ನಲ್ಲೇ ಏಳಬೇಕು, ರನ್‌ವೇ ಒಣಗಿದ್ದರೆ ಟೇಕಾಫ್ ದೂರ ಮುಗಿಯುವಷ್ಟರಲ್ಲಿ 35 ಅಡಿ ಮೇಲಿರಬೇಕು.

ಖಾಸಗಿ ಜೆಟ್‌ಗಳ ವಂಶಾವಳಿ ಚಿಕ್ಕದು. 1957ರಲ್ಲಿ ಲಾಕ್‌ಹೀಡ್ ಜೆಟ್‌ಸ್ಟಾರ್, 1963ರಲ್ಲಿ ಲಿಯರ್‌ಜೆಟ್ ಮೊದಲು ಹಾರಿದವು. 1976ರ ಫಾಲ್ಕನ್ 50 ಮೂರು ಎಂಜಿನ್ ಹೊತ್ತು ಸಾಗರ ದಾಟುವವರಿಗೆ ಧೈರ್ಯ ಕೊಟ್ಟಿತು. 1995ರ ಗಲ್ಫ್‌ಸ್ಟ್ರೀಮ್ ಐದು 12,000 ಕಿಲೋಮೀಟರ್ ಮುಟ್ಟಿತು. ಇಂದಿನ ಬೊಂಬಾರ್ಡಿಯರ್ ಗ್ಲೋಬಲ್ 7500ರ ಹಾರಾಟ ವ್ಯಾಪ್ತಿ ಸುಮಾರು 14,260 ಕಿಲೋಮೀಟರ್. ಪೂರ್ತಿ ತುಂಬಿದರೆ ಅದರ 52 ಟನ್ ತೂಕದಲ್ಲಿ 23 ಟನ್ ಇಂಧನವೇ. ಕಂಪನಿ ಹೇಳುವ ಟೇಕಾಫ್ ದೂರ ಸುಮಾರು 1,760 ಮೀಟರ್. ಅದು ಸಮುದ್ರಮಟ್ಟದ, 15 ಡಿಗ್ರಿ ತಂಪಿನ ಲೆಕ್ಕ. ಮೈಸೂರಿನ ಮಂಡಕಳ್ಳಿಯ ರನ್‌ವೇ 1,740 ಮೀಟರ್, ನೆಲವೂ ಎತ್ತರ. ಅಲ್ಲಿಂದ ಏಳಬೇಕೆಂದರೆ ಇಂಧನ ಇಳಿಸಬೇಕು. ಇಂಧನ ಇಳಿಸಿದಷ್ಟೂ ಊರು ದೂರ.

ನೆಲದ ಲೆಕ್ಕ ಮುಗಿದ ಮೇಲೆ ನೀರಿನ ಲೆಕ್ಕ. 1953ರಲ್ಲಿ ಅಮೆರಿಕ ವಿಮಾನ ಕಂಪನಿಗಳಿಗೆ ಅರವತ್ತು ನಿಮಿಷದ ನಿಯಮ ಹಾಕಿತು: ಎರಡು ಎಂಜಿನ್‌ನ ವಿಮಾನ, ಒಂದು ಕೆಟ್ಟರೂ ಒಂದು ಗಂಟೆಯಲ್ಲಿ ತಲುಪಬಹುದಾದ ನಿಲ್ದಾಣದಿಂದಾಚೆ ಹೋಗಕೂಡದು. ಬೆಂಗಳೂರಿನಿಂದ ನೈರೋಬಿಗೆ ಭೂಪಟದಲ್ಲಿ ನೇರ ಗೆರೆ ಎಳೆದರೆ ಅರಬ್ಬಿ ಸಮುದ್ರದ ನಡುವೆ ಆ ನಿಯಮ ಮುರಿಯುತ್ತದೆ. ಜೆಟ್ ಎಂಜಿನ್‌ಗಳ ವಿಶ್ವಾಸಾರ್ಹತೆ ಹೆಚ್ಚಿದಂತೆ 1985ರಲ್ಲಿ ಈ ಮಿತಿ 120 ನಿಮಿಷಕ್ಕೆ, 1988ರಲ್ಲಿ 180ಕ್ಕೆ ಸಡಿಲಾಯಿತು. 2007ರಲ್ಲಿ ಅಮೆರಿಕ 180 ನಿಮಿಷದಾಚೆ ಹೋಗುವ ಬಾಡಿಗೆ ಜೆಟ್‌ಗಳನ್ನೂ ಈ ಶಿಸ್ತಿಗೆ ತಂದಿತು. ಮಾಲೀಕ ತನಗಾಗಿಯೇ ಹಾರಿಸುವ ಜೆಟ್ ಮಾತ್ರ ಹೊರಗುಳಿಯಿತು. ಒಂದೇ ವಿಮಾನ, ಒಂದೇ ಸಮುದ್ರ. ಟಿಕೆಟ್ ದುಡ್ಡು ಕೈ ಬದಲಿಸಿತೋ ಇಲ್ಲವೋ ಎಂಬುದರ ಮೇಲೆ ನಿಯಮ ನಿಂತಿರುವುದು ನನಗೆ ವಿಚಿತ್ರವೆನಿಸುತ್ತದೆ. ಎಂಜಿನ್‌ಗೆ ಆ ಭೇದ ತಿಳಿಯದು.

ಸೋಗಾನೆಯ ರನ್‌ವೇಯ ಉದ್ದ ಗ್ಲೋಬಲ್ 7500ರಂಥ ಜೆಟ್‌ಗೆ ಧಾರಾಳ. ಆದರೆ ಅಲ್ಲಿ ಕಸ್ಟಮ್ಸ್ ಇಲ್ಲ, ಇಮಿಗ್ರೇಶನ್ ಇಲ್ಲ. ಯುರೋಪಿಗೆ ಹೊರಟವರು ಮೊದಲು ಬೆಂಗಳೂರಿಗೋ ಮಂಗಳೂರಿಗೋ ಹಾರಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಳ್ಳಬೇಕು. ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ 2,450 ಮೀಟರ್, ಸೋಗಾನೆಯದಕ್ಕಿಂತ ಗಿಡ್ಡ.