ಯಾರ ಎದೆಬಡಿತದ ಲೆಕ್ಕ?

1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಒಬ್ಬ ಪ್ರೊಫೆಸರ್ ಬೆನ್ನಿಗೆ ದೊಡ್ಡ ಚೀಲವೊಂದನ್ನು ಕಟ್ಟಿಕೊಂಡು ಹುಲ್ಲಿನ ಮೇಲೆ ಸುತ್ತು ಹಾಕುತ್ತಿದ್ದರು. ಬಾಯಿಂದ ಚೀಲಕ್ಕೆ ಒಂದು ಕೊಳವೆ. ಬಿಟ್ಟ ಉಸಿರೆಲ್ಲ ಅದರಲ್ಲಿ ತುಂಬಬೇಕು. ಆಮೇಲೆ ಅದರಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡಿದರೆ ಓಡುವಾಗ ದೇಹ ಎಷ್ಟು ಬಳಸಿಕೊಂಡಿತು ಎಂಬ ಲೆಕ್ಕ ಸಿಗುತ್ತದೆ. ಅವರು ಎ.ವಿ. ಹಿಲ್, ಸ್ನಾಯುಗಳ ಶಾಖದ ಮೇಲಿನ ಕೆಲಸಕ್ಕೆ 1922ರ ನೊಬೆಲ್ ಪಡೆದ ವಿಜ್ಞಾನಿ. 1923ರಲ್ಲಿ ಅವರು ಮತ್ತು ಹಾರ್ಟ್ಲಿ ಲಪ್ಟನ್ ಬರೆದ ಪ್ರಬಂಧದ ತಿರುಳು ಇಷ್ಟು: ವೇಗ ಏರಿದಂತೆ ದೇಹ ಎಳೆದುಕೊಳ್ಳುವ ಆಮ್ಲಜನಕವೂ ಏರುತ್ತದೆ, ಆದರೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆ ಮೇಲ್ಮಿತಿಯೇ ಇವತ್ತು ನಿಮ್ಮ ಕೈಗಡಿಯಾರ ತೋರಿಸುವ ವಿಒ2 ಮ್ಯಾಕ್ಸ್.

ಹಿಲ್ ಅಳೆದ ಅಂಕಿಯ ಹಿಂದೆ ಒಂದು ಚೀಲವಿತ್ತು, ಚೀಲದೊಳಗೆ ಅವರದೇ ಉಸಿರಿತ್ತು. ಮುಂದಿನ ನೂರು ವರ್ಷಗಳಲ್ಲಿ ಚೀಲ ಹೋಯಿತು, ಅಂಕಿ ಉಳಿಯಿತು. ಈಗ ನಮಗೆ ಸಿಗುವ ಅಂಕಿಯಲ್ಲಿ ನಮ್ಮ ಉಸಿರೆಷ್ಟು, ಪರರ ಉಸಿರೆಷ್ಟು?

ಚೀಲ ಬಿಟ್ಟುಹೋಗಲು ಒಳ್ಳೆಯ ಕಾರಣವೇ ಇತ್ತು. ಎಲ್ಲ ಓಟಗಾರರನ್ನೂ ಪ್ರಯೋಗಾಲಯಕ್ಕೆ ಕರೆತರಲಾಗದು. ಅಮೆರಿಕದ ಜ್ಯಾಕ್ ಡೇನಿಯಲ್ಸ್ 1956 ಮತ್ತು 1960ರ ಒಲಿಂಪಿಕ್ಸ್‌ನಲ್ಲಿ ಮಾಡರ್ನ್ ಪೆಂಟಾಥ್ಲಾನ್ ತಂಡದ ಪದಕ ಗೆದ್ದವರು, ಆಮೇಲೆ ತರಬೇತುದಾರರಾದವರು. ಅವರು ಜಿಮ್ಮಿ ಗಿಲ್ಬರ್ಟ್ ಜೊತೆ ಸೇರಿ 1979ರಲ್ಲಿ ಕೋಷ್ಟಕಗಳ ಪುಸ್ತಕವೊಂದನ್ನು ತಂದರು. ಉಸಿರನ್ನು ಅಳೆಯುವ ಬದಲು ರೇಸಿನಲ್ಲಿ ಓಡಿದ ಸಮಯವನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕುವುದು ಅವರ ಉಪಾಯ. ಹೀಗೆ ಸಿಕ್ಕ ಅಂಕಿಗೆ ವಿಡಾಟ್ ಎಂದು ಹೆಸರಾಯಿತು. ವೈಜ್ಞಾನಿಕ ಬರವಣಿಗೆಯಲ್ಲಿ ವಿ ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ ಇರುತ್ತದೆ, 'ನಿಮಿಷಕ್ಕೆ ಇಷ್ಟು' ಎಂದು ಸೂಚಿಸಲು. ಆ ಚುಕ್ಕೆಯೇ ಹೆಸರಿನೊಳಗೆ ಸೇರಿಕೊಂಡಿತು. ಭಾಷಾಶಾಸ್ತ್ರ ಓದಿದ ನನಗೆ ಈ ಹೆಸರಿನ ಹುಟ್ಟು ಬಲು ಇಷ್ಟ.

ಕೋಷ್ಟಕದಲ್ಲಿ ವಿಡಾಟ್ 40ರ ಸಾಲು ನೋಡಿ. 5 ಕಿ.ಮೀ.ಗೆ 24 ನಿಮಿಷ 8 ಸೆಕೆಂಡು, ಮ್ಯಾರಥಾನಿಗೆ 3 ಗಂಟೆ 49 ನಿಮಿಷ 45 ಸೆಕೆಂಡು. ಆ ಸೆಕೆಂಡುಗಳನ್ನು ನೋಡಿದರೆ ಭರವಸೆ ಕೊಟ್ಟಂತೆಯೇ ಅನಿಸುತ್ತದೆ. ಆದರೆ ಆ ಸಾಲಿನೊಳಗೆ ಬರೆಯದೆ ಬಿಟ್ಟ ಒಂದು 'ಆದರೆ' ಇದೆ: ಎರಡೂ ದೂರಕ್ಕೆ ಸಮನಾಗಿ ತಯಾರಾಗಿದ್ದರೆ, ದಾರಿ ಮತ್ತು ಹವೆ ಅನುಕೂಲವಾಗಿದ್ದರೆ.

ಇದೇ ಹೊತ್ತಿಗೆ ಓಹಾಯೋದ ಎಂಜಿನಿಯರ್ ಪೀಟ್ ರೀಗೆಲ್ ಇನ್ನೂ ಸರಳವಾದ ಸೂತ್ರವೊಂದನ್ನು ಕೊಟ್ಟರು. ಅದು ಮೊದಲು 1977ರಲ್ಲಿ ಓಟದ ಪತ್ರಿಕೆಯಲ್ಲಿ, ನಂತರ 1981ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಬಂತು. ದೂರ ದುಪ್ಪಟ್ಟಾದರೆ ಸಮಯ ದುಪ್ಪಟ್ಟಾಗಿ, ಮೇಲೆ ನೂರಕ್ಕೆ ಸುಮಾರು ನಾಲ್ಕರಷ್ಟು ಸೇರುತ್ತದೆ ಎನ್ನುವುದು ಅದರ ಅರ್ಥ. 10 ಕಿ.ಮೀ.ಯನ್ನು 50 ನಿಮಿಷದಲ್ಲಿ ಓಡುವವರಿಗೆ ಅದು ಮ್ಯಾರಥಾನಿಗೆ 3 ಗಂಟೆ 50 ನಿಮಿಷ ಎನ್ನುತ್ತದೆ. ರೀಗೆಲ್ ನೋಡಿದ್ದು ದಾಖಲೆಗಳನ್ನು, ಅಂದರೆ ಲೋಕದ ಅತಿ ವೇಗದ ಕಾಲುಗಳನ್ನು. 2016ರಲ್ಲಿ ಆಂಡ್ರ್ಯೂ ವಿಕರ್ಸ್ ಮತ್ತು ಎಮಿಲಿ ವರ್ಟೊಸಿಕ್ ಎರಡು ಸಾವಿರಕ್ಕೂ ಹೆಚ್ಚು ಹವ್ಯಾಸಿ ಓಟಗಾರರ ಸಮಯಗಳನ್ನು ಈ ಸೂತ್ರದ ಪಕ್ಕದಲ್ಲಿಟ್ಟರು. ಹಾಫ್ ಮ್ಯಾರಥಾನ್‌ವರೆಗೆ ಲೆಕ್ಕ ಚೆನ್ನಾಗಿಯೇ ಹೊಂದಿತು. ಮ್ಯಾರಥಾನಿಗೆ ಬಂದಾಗ ಅರ್ಧದಷ್ಟು ಜನರಿಗೆ ಸೂತ್ರ ಹೇಳಿದ ಸಮಯ ಹತ್ತು ನಿಮಿಷವೋ ಅದಕ್ಕಿಂತ ಹೆಚ್ಚೋ ಕಡಿಮೆಯಾಗಿತ್ತು.

ಹತ್ತು ನಿಮಿಷ ಕಾಗದದ ಮೇಲೆ ಚಿಕ್ಕದು. ಮುಂಬೈ ಮ್ಯಾರಥಾನಿನಲ್ಲಿ ಪೆಡ್ಡರ್ ರೋಡಿನ ಏರು ಬರುವುದು ಮೂವತ್ತು ಕಿ.ಮೀ. ದಾಟಿದ ಮೇಲೆ, ಬಿಸಿಲು ಏರುವ ಹೊತ್ತಿಗೆ. ಸೂತ್ರ ಕೊಟ್ಟ ವೇಗವನ್ನು ನಂಬಿ ಮೊದಲ ಅರ್ಧವನ್ನು ಓಡಿದವರು ಅದರ ಸಾಲವನ್ನು ತೀರಿಸುವುದು ಅಲ್ಲಿ.

ಎಲ್ಲಕ್ಕಿಂತ ಹೆಚ್ಚು ಓಡಾಡಿದ ಸೂತ್ರಕ್ಕೆ ಕ್ಯಾಲ್ಕುಲೇಟರೂ ಬೇಕಿಲ್ಲ: 220ರಿಂದ ವಯಸ್ಸು ಕಳೆದರೆ ಗರಿಷ್ಠ ಎದೆಬಡಿತ. ಜಿಮ್ಮಿನ ಗೋಡೆಯ ಮೇಲೂ ಅದೇ, ಟ್ರೆಡ್‌ಮಿಲ್ಲಿನ ಮೇಲೂ ಅದೇ. ಅದು ಬಂದದ್ದು ಹೃದ್ರೋಗದ ಲೋಕದಿಂದ. ಸ್ಯಾಮ್ಯುಯೆಲ್ ಫಾಕ್ಸ್, ವಿಲಿಯಂ ಹ್ಯಾಸ್ಕೆಲ್ ಮತ್ತಿತರರು 1971ರ ಬರಹವೊಂದರಲ್ಲಿ ಅದಾಗಲೇ ಪ್ರಕಟವಾಗಿದ್ದ ಹತ್ತಾರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ವಯಸ್ಸು ಏರಿದಂತೆ ಬಡಿತ ಇಳಿಯುವುದು ಕಂಡಿತು. ಅದಕ್ಕೆ ಕಣ್ಣಂದಾಜಿಗೆ ಹೊಂದುವ ಗೆರೆಯೇ ಈ ಸೂತ್ರ. ಓಟಗಾರರಿಗೆ ಕಟ್ಟಳೆ ಹಾಕಬೇಕೆಂಬುದು ತಮ್ಮ ಉದ್ದೇಶವಾಗಿರಲಿಲ್ಲ ಎಂದು ಹ್ಯಾಸ್ಕೆಲ್ ವರ್ಷಗಳ ನಂತರ ಹೇಳಿದರು.

ಸರಾಸರಿಯ ಮಟ್ಟದಲ್ಲಿ ಗೆರೆ ತೀರ ಸುಳ್ಳಲ್ಲ. ಒಬ್ಬೊಬ್ಬರ ಮಟ್ಟಕ್ಕೆ ಇಳಿದಾಗ ಹತ್ತು ಹನ್ನೆರಡು ಬಡಿತಗಳ ಆಚೀಚೆ ಮಾಮೂಲು. ನಲವತ್ತರ ಓಟಗಾರನಿಗೆ ಸೂತ್ರ 180 ಎನ್ನುತ್ತದೆ, ಅವನ ನಿಜವಾದ ಗರಿಷ್ಠ 195 ಇರಬಹುದು. ಆಗ 'ನೂರಕ್ಕೆ ಎಂಬತ್ತು' ಎಂದರೆ 144 ಅಲ್ಲ, 156. ಇನ್ನು ಹೆಂಗಸರ ಮಾತು. ಹಳೆಯ ಅಧ್ಯಯನಗಳಲ್ಲಿ ಇದ್ದವರು ಹೆಚ್ಚಾಗಿ ಗಂಡಸರು. 2010ರಲ್ಲಿ ಮಾರ್ಥಾ ಗುಲಾಟಿ ಮತ್ತು ಜೊತೆಗಾರರು ಶಿಕಾಗೋದ ಸುತ್ತಿನ 5,437 ಹೆಂಗಸರನ್ನು ಟ್ರೆಡ್‌ಮಿಲ್ ಹತ್ತಿಸಿ ಪರೀಕ್ಷಿಸಿದ ಅಂಕಿಗಳಿಂದ ಬೇರೆಯೇ ಸೂತ್ರ ಪಡೆದರು: 206ರಿಂದ, ವಯಸ್ಸಿನ 0.88 ಪಟ್ಟನ್ನು ಕಳೆಯಬೇಕು. ನಲವತ್ತರ ಹೆಂಗಸಿಗೆ ಅದು ಸುಮಾರು 171. ಹಳೆಯ ಸೂತ್ರ ಹಿಡಿದ ವೈದ್ಯರಿಗೆ ಆರೋಗ್ಯವಾಗಿರುವ ಹೆಂಗಸೂ 'ಗುರಿ ಮುಟ್ಟದವಳು' ಎಂದು ಕಾಣಬಹುದಿತ್ತು.

ಈಗ ಗಡಿಯಾರಕ್ಕೆ ಬನ್ನಿ. ಅದು ನಿಮ್ಮ ಉಸಿರನ್ನು ಕಂಡಿಲ್ಲ. ವೇಗವನ್ನೂ ಬಡಿತವನ್ನೂ ಜೋಡಿಸಿ ವಿಒ2 ಮ್ಯಾಕ್ಸ್ ಅಂದಾಜು ಮಾಡುತ್ತದೆ. ಆ ಅಂದಾಜಿಗೆ ಗರಿಷ್ಠ ಬಡಿತ ಗೊತ್ತಿರಬೇಕು. ನೀವು ಹೇಳದೆ ಹೋದರೆ ಅನೇಕ ಗಡಿಯಾರಗಳು ವಯಸ್ಸಿನಿಂದಲೇ ಅದನ್ನು ಊಹಿಸುತ್ತವೆ. ನಿಮ್ಮ ಗರಿಷ್ಠ 195 ಇದ್ದು ಗಡಿಯಾರ 180 ಎಂದುಕೊಂಡರೆ, ನೀವು ಹಾಯಾಗಿ ಓಡುವಾಗಲೂ ಅದಕ್ಕೆ ಏದುಸಿರು ಬಿಡುತ್ತಿರುವಂತೆ ಕಾಣುತ್ತದೆ, ನಿಮ್ಮ ಸಾಮರ್ಥ್ಯವನ್ನು ಕಡಿಮೆ ತೋರಿಸುತ್ತದೆ. ಐವತ್ತು ವರ್ಷ ಹಿಂದಿನ ಒರಟು ಗೆರೆಯೊಂದು ನಿಮ್ಮ ಮಣಿಕಟ್ಟಿನ ಮೇಲೆ ದಶಮಾಂಶದ ವೇಷ ಹಾಕಿ ಕೂತಿರುತ್ತದೆ.

ಹಾಗಾದರೆ ಅಂಕಿಗಳನ್ನು ಎಸೆಯಬೇಕೆ? ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ಬೇರೆ ದಾರಿ ಹಿಡಿದಿದ್ದರು. ಅವರ ಅಳತೆಗೋಲು 6ರಿಂದ 20ರವರೆಗೆ. ಆರೋಗ್ಯವಂತ ಯುವಕರಲ್ಲಿ ಆ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಎದೆಬಡಿತ ಬರಲಿ ಎಂದೇ ಈ ವಿಚಿತ್ರ ಆರಂಭ. ಆದರೆ ಅಂಕಿ ಹೇಳಬೇಕಾದವರು ಓಡುವವರೇ. 9 ಬಹಳ ಹಗುರ, 13 ಸ್ವಲ್ಪ ಕಷ್ಟ, 17 ಬಹಳ ಕಷ್ಟ. ಅದು ಅಂಕಿಗಳ ಮೈಮೇಲೆ ಮಾತು ಹೊದಿಸಿದ ಅಳತೆಗೋಲು, ಹಾಗಾಗಿ ಭಾಷೆಯಿಂದ ಭಾಷೆಗೆ ಅನುವಾದವಾಗಲೇಬೇಕು.

ಅನುವಾದ ಮಾಡಿ ಬದುಕುವವಳಾದ್ದರಿಂದ ನನಗೆ ಆಸೆ ಹುಟ್ಟುವುದು ಇಲ್ಲೇ. 'ಸ್ವಲ್ಪ ಕಷ್ಟ' ಎನ್ನುವುದು ಕಚೇರಿಯ ಕನ್ನಡ. ನಮ್ಮಲ್ಲಿ ಆಯಾಸ, ದಣಿವು, ಸುಸ್ತು, ಬಳಲಿಕೆ ಇವೆ. ತೇಕುವುದಿದೆ, ದಮ್ಮು ಹತ್ತುವುದಿದೆ, ಹೈರಾಣಾಗುವುದಿದೆ, ಬಸವಳಿಯುವುದಿದೆ. ಒಂದರಿಂದ ಇನ್ನೊಂದಕ್ಕೆ ಎಷ್ಟು ಮೆಟ್ಟಿಲು ಎಂದು ಓಡಿದವರಿಗೆ ಗೊತ್ತು. ಪುಣೆಯಲ್ಲೋ ಚೆನ್ನೈಯಲ್ಲೋ ಬೆಳಗಿನ ಐದಕ್ಕೆ ಶೂ ಕಟ್ಟುವ ಓದುಗರು ಒಂದು ತಿಂಗಳು ಹೀಗೆ ಮಾಡಿ ನೋಡಬಹುದು: ಓಟ ಮುಗಿದ ಕೂಡಲೇ, ಗಡಿಯಾರ ನೋಡುವ ಮುಂಚೆ, ದೇಹ ಹೇಳಿದ ಕನ್ನಡ ಪದವೊಂದನ್ನು ಬರೆದಿಡಿ. ಪಕ್ಕದಲ್ಲಿ ಆಮೇಲೆ ಬಡಿತವನ್ನೂ ವೇಗವನ್ನೂ ಬರೆಯಿರಿ. ತಿಂಗಳ ಕೊನೆಗೆ ನಿಮ್ಮ ಬಳಿ ಇರುವುದು ಒಬ್ಬರನ್ನೇ ಅಳೆದ ಪುಟ್ಟ ಕೋಷ್ಟಕ. ಎಲ್ಲಿ ಪದವೂ ಅಂಕಿಯೂ ಒಪ್ಪುವುದಿಲ್ಲವೋ ಅಲ್ಲಿ ಮೊದಲು ಪದವನ್ನು ನಂಬಿ.