ಜಿಡ್ಡಿಗೆ ರುಚಿಯುಂಟೆ?

ಸಕಲೇಶಪುರ, ಆಲೂರು ಗುಡ್ಡಗಳ ಮನೆಗಳಲ್ಲಿ ಅಕ್ಕಿರೊಟ್ಟಿಯ ಮೇಲೆ ಬೆಣ್ಣೆ ಬೀಳದಿದ್ದರೆ ಮುಖ ಸಿಂಡರಿಸುವವರು ಕೂಡ, ಬೆಣ್ಣೆಯ ರುಚಿ ಎಂಥದೆಂದು ಕೇಳಿದರೆ, ಘಮವೆಂದೋ ನುಣುಪೆಂದೋ ಹೇಳಿಯಾರೇ ಹೊರತು, ಸಿಹಿ ಹುಳಿಗಳಂತೆ ಅದಕ್ಕೊಂದು ಪ್ರತ್ಯೇಕವಾದ ಹೆಸರನ್ನು ಕೊಡಲಾರರು. ಚರಕಸಂಹಿತೆಯ ನಿರ್ಣಯವೂ ಇದಕ್ಕೆ ದೂರವಲ್ಲ: ರಸಗಳನ್ನು ಆರಕ್ಕೆ ನಿಲ್ಲಿಸಿದ ಆ ಗ್ರಂಥವು ಸ್ನಿಗ್ಧತೆಯನ್ನು ಗುಣಗಳ ಸಾಲಿನಲ್ಲಿ ಕೂರಿಸಿತು. ಯವನರ ಅರಿಸ್ಟಾಟಲನಾದರೋ ಜಿಡ್ಡನ್ನೂ ರುಚಿಗಳೊಳಗೆ ಎಣಿಸಿದ್ದನು. ಆದರೆ ಆ ಎಣಿಕೆ ಮುಂದೆ ಬಾಳಲಿಲ್ಲ. ೧೯೦೮ರಲ್ಲಿ ಜಪಾನಿನ ಇಕೆಡಾ ಉಮಾಮಿಯೆಂಬ ರುಚಿಯನ್ನು ಕಂಡರಿತ ಮೇಲೂ ಜಿಡ್ಡೆಂಬುದು ಸ್ಪರ್ಶಘ್ರಾಣಗಳಿಗೆ ಸೇರಿದ್ದೆಂಬ ಮತವೇ ನೆಲೆನಿಂತಿತು. ಕೊಳ್ಳೇಗಾಲದಲ್ಲಿ ೧೯೨೩ರಲ್ಲಿ ಜನಿಸಿದ ಕೆ. ಟಿ. ಅಚ್ಚಯ್ಯನವರಂತಹ ತೈಲರಸಾಯನವೇತ್ತರು ಎಣ್ಣೆಗಳ ಒಳರಚನೆಯನ್ನು ಬಿಡಿಸಿ ನೋಡುತ್ತಿದ್ದ ಕಾಲದಲ್ಲಿ, ಅದೇ ಎಣ್ಣೆ ನಾಲಗೆಯ ಮೇಲೆ ಏನಾಗುವುದೆಂಬ ಪ್ರಶ್ನೆ ಬಹುಮಟ್ಟಿಗೆ ಅನಾಥವಾಗಿಯೇ ಉಳಿದಿತ್ತು.

ಆ ಪ್ರಶ್ನೆಗೆ ಜೀವ ಬಂದದ್ದು ೧೯೯೭ರಲ್ಲಿ. ನಮ್ಮ ಹುಚ್ಚೆಳ್ಳೆಣ್ಣೆಯಲ್ಲಿ ಹೇರಳವಾಗಿರುವ ಲಿನೋಲೆಯಿಕ್ ಆಮ್ಲದಂತಹ ಮೇದಾಮ್ಲಗಳು ಇಲಿಯ ರುಚಿಕೋಶಗಳನ್ನು ಮುಟ್ಟಿದಾಗ ಪೊಟ್ಯಾಸಿಯಮ್ ಹರಿದುಹೋಗುವ ದ್ವಾರಗಳು ಮುಚ್ಚಿಕೊಳ್ಳುವುವೆಂದು ಅಮೆರಿಕದ ಗಿಲ್ಬರ್ಟ್‌ಸನ್ ತೋರಿಸಿದರು. ಅದೇ ವರ್ಷ ಜಪಾನಿನ ಫುಕುವಾತಾರಿ ಮತ್ತು ಸಂಗಡಿಗರು ಇಲಿಯ ರುಚಿಮೊಗ್ಗುಗಳಲ್ಲಿ ಸಿ.ಡಿ.೩೬ ಎಂಬ ಮೇದಾಮ್ಲಗ್ರಾಹಕ ಪ್ರೊಟೀನನ್ನು ಕಂಡರು. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು: ತುಪ್ಪದ ಅಖಂಡವಾದ ಕೊಬ್ಬಿನ ಅಣುವನ್ನು ಈ ಗ್ರಾಹಕಗಳು ಅರಿಯವು; ಬಾಯಿಯ ಲೈಪೇಸ್ ಕಿಣ್ವವು ಅದನ್ನು ಸೀಳಿ ಬಿಡಿಸಿದ ಮೇದಾಮ್ಲವು ಸಿ.ಡಿ.೩೬ಕ್ಕೆ ತಗುಲಿದಾಗ ಕೋಶದೊಳಗೆ ಕ್ಯಾಲ್ಸಿಯಮ್ ಏರಿ, ನರಕ್ಕೆ ಸಂದೇಶ ಹೋಗುತ್ತದೆ. ೨೦೦೫ರಲ್ಲಿ ಫ್ರಾನ್ಸಿನ ದಿಜೋನಿನಲ್ಲಿ ಬೆನಾರ್‌ರ ತಂಡವು, ಈ ಪ್ರೊಟೀನಿಲ್ಲದ ಸುಂಡಿಲಿಗಳು ಜಿಡ್ಡಿನ ಮೇಲಣ ಮೋಹವನ್ನು ಕಳೆದುಕೊಂಡುದನ್ನು ಪ್ರಕಟಿಸಿದಾಗ, ಸಂಶಯವಾದಿಗಳ ದನಿ ತುಸು ತಗ್ಗಿತು. ೨೦೧೦ರ ಹೊತ್ತಿಗೆ ಜಿ.ಪಿ.ಆರ್.೪೦, ಜಿ.ಪಿ.ಆರ್.೧೨೦ ಎಂಬ ಮತ್ತೆರಡು ಗ್ರಾಹಕಗಳೂ ಈ ಕಣಕ್ಕಿಳಿದುವು.

ಇಲಿಗೆ ಸಂದದ್ದು ಮನುಷ್ಯನಿಗೂ ಸಲ್ಲುವುದೆ? ೨೦೧೨ರಲ್ಲಿ ಸೇಂಟ್ ಲೂಯಿಸ್‌ನ ವಿಜ್ಞಾನಿಗಳು ಸ್ಥೂಲಕಾಯರನ್ನು ಪರೀಕ್ಷಿಸಿ, ಸಿ.ಡಿ.೩೬ ಜೀನಿನ ಭೇದಕ್ಕನುಸಾರವಾಗಿ ಕೆಲವರು ಇತರರಿಗಿಂತ ಸುಮಾರು ಎಂಟುಪಟ್ಟು ಸೂಕ್ಷ್ಮವಾಗಿ ಜಿಡ್ಡನ್ನು ಗುರುತಿಸುವರೆಂದು ಕಂಡರು. ಲೈಪೇಸನ್ನು ತಡೆಯುವ ಔಷಧವನ್ನು ಪರೀಕ್ಷೆಯ ದ್ರಾವಣಕ್ಕೆ ಬೆರೆಸಿದಾಗ, ಅಖಂಡವಾದ ಕೊಬ್ಬನ್ನು ಗುರುತಿಸುವ ಆ ಸೂಕ್ಷ್ಮತೆ ಕುಗ್ಗಿತು. ಇನ್ನು ೨೦೧೫ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಮ್ಯಾಟ್ಸ್ ಮತ್ತು ಸಂಗಡಿಗರು ಶುದ್ಧವಾದ ಮೇದಾಮ್ಲದ ಅನುಭವವು ಇತರ ರುಚಿಗಳಿಂದ ಭಿನ್ನವೆಂದು ಸಾಧಿಸಿ, ಅದಕ್ಕೆ ಓಲಿಯೋಗಸ್ಟಸ್ ಎಂದು ಹೆಸರಿಟ್ಟರು. ವಿನೋದವೇನೆಂದರೆ, ಆ ರುಚಿ ಸವಿಯಲ್ಲ, ಅಸಹ್ಯ. ಹಳತಾಗಿ ಕಮಟಿಟ್ಟ ಎಣ್ಣೆಯನ್ನು ಅಡುಗೆಮನೆಯಿಂದಾಚೆ ಚೆಲ್ಲುವ ಗೃಹಿಣಿಗೆ ಈ ಸಂಶೋಧನೆ ಹೊಸದೆನ್ನಿಸದು.

ಹಾಗಾದರೆ ಬೆಣ್ಣೆಯ ಸೆಳೆತ ಎಲ್ಲಿಯದು? ಬಹುಭಾಗ ಮೂಗು ಮತ್ತು ಸ್ಪರ್ಶಗಳದೆಂಬ ಹಳೆಯ ಉತ್ತರವನ್ನು ನಾನು ಈಗಲೂ ಬಿಟ್ಟುಕೊಡಲೊಲ್ಲೆ. ಅದಕ್ಕೆ ೨೦೨೨ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಝೂಕರ್‌ರ ಪ್ರಯೋಗಶಾಲೆ ಮೂರನೆಯದೊಂದನ್ನು ಸೇರಿಸಿದೆ. ರುಚಿಯನ್ನೇ ಅರಿಯದಂತೆ ಮಾಡಿದ ಸುಂಡಿಲಿಗಳು ಕೂಡ ಕೆಲಕಾಲದಲ್ಲಿ ಕೊಬ್ಬಿನ ಕಡೆಗೇ ವಾಲಿದುವು. ಕರುಳಿನಿಂದ ವೇಗಸ್ ನರದ ಮಾರ್ಗವಾಗಿ ಮೆದುಳಿಗೆ ಏರುವ ಸಂದೇಶವೇ ಅದಕ್ಕೆ ಕಾರಣವಾಗಿತ್ತು.